ಸೆರಗಿನ ಭಾರ

ನನ್ನ ಹೆಂಡತಿ ಇಮಾಮ್‌ಬೀ ಸೆರಗನ್ನು ಮೈಗೆ ತಾಗಿಸದೆ ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಎಡಗೈಯನ್ನು ಪಕ್ಕೆಯಿಂದ ಒಂದು ಗೇಣು ದೂರ ಇಟ್ಟು, ಎರಡು ಬೆರಳಲ್ಲಿ ಸೆರಗಿನ ಅಂಚು ಹಿಡಿದು ನಡೆಯುವಳು. ನೋಡಿದವರಿಗೆ ಕಣ್ಣಿಗೆ ಕಾಣದ ಕೊಡವನ್ನು ಕಂಕುಳಲ್ಲಿ ಹೊತ್ತ ಹಾಗೆ ಕಾಣುತ್ತಿತ್ತು. ಓಣಿಯ ಮಕ್ಕಳು ಅವಳ ಹಿಂದೆ ಹಾಗೇ ನಡೆದು ಅಣಕಿಸುತ್ತಿದ್ದರು. ಅವಳು ತಿರುಗಿ ನೋಡಿ, "ಕಲೀರಿ ಕಲೀರಿ, ಮುಂದೆ ಬೇಕಾಗ್ತೈತೆ" ಎನ್ನುವಳು.

ನಾವು ಪಿಂಜಾರರು. ಜಗಳೂರಿನಲ್ಲಿ ಗಾದಿ, ದಿಂಬು ಹೊಲಿಯುವುದು ನಮ್ಮ ಕೆಲಸ. ನಮ್ಮಪ್ಪನ ಕಾಲದಲ್ಲಿ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದರು. ಈಗ ಪಡಸಾಲೆಯಲ್ಲೇ ಮಷೀನು ಇದೆ. ನಾನು ಹತ್ತಿ ತುಂಬಿ ಕೊಟ್ಟರೆ ಇಮಾಮ್‌ಬೀ ದಬ್ಬಳ ಹಿಡಿದು ಗಾದಿಗೆ ಟಾಕು ಹಾಕುವಳು. ಅವಳು ಹಾಕಿದ ಟಾಕು ಬಿಚ್ಚಿತೆಂದು ಯಾರೂ ವಾಪಸು ಬಂದವರಿಲ್ಲ. ಈ ಊರಿನ ಎಷ್ಟೋ ಮದುಮಕ್ಕಳು ಮಲಗಿದ್ದು ನಾವಿಬ್ಬರೂ ಹೊಲಿದ ಗಾದಿಯ ಮೇಲೆ.

ಅಂಥವಳಿಗೆ ಸರ್ಪಸುತ್ತು ಆಯಿತು. ಎಡಗಡೆ ಬೆನ್ನಿನಿಂದ ಹಿಡಿದು ಎದೆಯ ಕೆಳಗಿನವರೆಗೂ ಬೊಬ್ಬೆ ಎದ್ದವು. ಪಕ್ಕದ ಮನೆಯ ಗಾದ್ರಮ್ಮ ಗರಿಕೆ, ಕೆಮ್ಮಣ್ಣು ಅರೆದು ತಂದು ಬಳಿದಳು. ಸುತ್ತಿನ ಎರಡೂ ಕಡೆ ಹಾವಿನ ಹೆಡೆ ಬರೆದಳು. "ಬಾಯಿ ಕಟ್ಟೀನಿ ಸಾಬ್ರೆ. ಇನ್ನು ಇದು ತಲೆ ಬಾಲ ಕೂಡಲ್ಲ" ಎಂದಳು. ಕೂಡಲಿಲ್ಲ. ಬೊಬ್ಬೆ ಒಣಗಿದವು, ಹಕ್ಕಳೆ ಉದುರಿತು, ಚರ್ಮ ಮಾಗಿತು. ಎಲ್ಲರೂ ದೊಡ್ಡದೊಂದು ಕಳೆಯಿತು ಅಂದುಕೊಂಡೆವು.

ನೋವು ಮಾತ್ರ ಹೋಗಲಿಲ್ಲ.

ಮಾಗಿದ ಚರ್ಮದ ಮೇಲೆ ಗಾಳಿ ಬೀಸಿದರೂ ಉರಿ. ಕುಪ್ಪಸ ತಾಗಿದರೆ ಕಾದ ಹಂಚು ತಾಗಿದ ಹಾಗೆ. ಕೂತಲ್ಲೇ ಒಮ್ಮೊಮ್ಮೆ ಕರೆಂಟು ಹೊಡೆದವಳಂತೆ ಬೆಚ್ಚಿ ಬೀಳುತ್ತಿದ್ದಳು. ನಾನು ಬಸವಾಪಟ್ಟಣದ ಕಡೆಯಿಂದ ಬೂರುಗದ ಹತ್ತಿ ತರಿಸಿದೆ. ಅದಕ್ಕಿಂತ ಮೆತ್ತಗಿನದು ನನಗೆ ಗೊತ್ತಿಲ್ಲ. ಹಳೇ ಮಲ್ಲು ಬಟ್ಟೆಯಲ್ಲಿ ಅದನ್ನು ತುಂಬಿ, ಟಾಕಿನ ಗಂಟು ಮೇಲೆ ಬಾರದ ಹಾಗೆ ಒಂದು ಗಾದಿ ಹೊಲಿದೆ. ಅವಳು ಮಲಗಿದಳು, ಎದ್ದಳು.

"ಜಾಲಿ ಮುಳ್ಳಿನ ಮ್ಯಾಲೆ ಮಲಗಿದಂಗೆ ಐತ್ರಿ" ಎಂದಳು. ನನ್ನ ಮುಖ ನೋಡಿ, "ಗಾದಿ ಚೆನ್ನಾಗೈತೆ. ಮೈ ಸರಿ ಇಲ್ಲ" ಎಂದು ಸೇರಿಸಿದಳು.

ಅಂದಿನಿಂದ ಅಡುಗೆಮನೆಯ ಕಡಪದ ಕಲ್ಲಿನ ಮೇಲೆ ಬರೀ ನೆಲಕ್ಕೆ ಮಲಗತೊಡಗಿದಳು. ತಣ್ಣಗಿನ ಕಲ್ಲು ಅವಳಿಗೆ ಹಿತ. ಊರಿಗೆಲ್ಲ ಗಾದಿ ಹೊಲಿದುಕೊಟ್ಟವನ ಹೆಂಡತಿ ಕಲ್ಲಿನ ಮೇಲೆ ಮಲಗುವುದನ್ನು ನಾನು ದಿನಾ ನೋಡುತ್ತಿದ್ದೆ.

ಗಾಯ ಕಾಣದಿದ್ದರೆ ಜನ ನೋವನ್ನು ನಂಬುವುದಿಲ್ಲ. ಗಾದ್ರಮ್ಮನೇ ಒಮ್ಮೆ, "ಇಮಾಂಬಿ, ಎಲ್ಲಾ ವಾಸಿ ಆಗೈತಲ್ಲ, ಮನಸ್ಸಿಗೆ ಹಚ್ಕಂಡೀಯ ನೀನು" ಎಂದಳು. ಇಮಾಮ್‌ಬೀ ಗಾದ್ರಮ್ಮ ಹೋದ ಮೇಲೆ ಪಕ್ಕೆಯನ್ನು ನೋಡಿಕೊಂಡು, "ಒಂದು ಗಾಯನಾದ್ರೂ ಉಳೀಬಾರದಿತ್ತಾ" ಎಂದಳು.

ಕೊನೆಗೆ ದಾವಣಗೆರೆಯ ಡಾಕ್ಟರ್ ಪ್ರವೀಣ್ ಕುಮಾರ್ ಹತ್ತಿರ ಕರೆದುಕೊಂಡು ಹೋದೆವು. ಜೊತೆಗೆ ಮೊಮ್ಮಗಳು ಆಯಿಷಾ ಇದ್ದಳು. ಅವಳು ನಮ್ಮ ಮಗಳ ಮಗಳು. ಮಗಳು ಹೆರಿಗೆಯಲ್ಲೇ ತೀರಿಕೊಂಡಳು. ಕೂಸನ್ನು ಇಮಾಮ್‌ಬೀಯೇ ಸಾಕಿದಳು. ಆ ಡಾಕ್ಟರು ಒಂದು ಚೂರು ಹತ್ತಿಯನ್ನು ಅವಳ ಪಕ್ಕೆಗೆ ಮೆಲ್ಲಗೆ ಸವರಿದರು. ಹತ್ತಿ ತಾಗಿದ್ದಕ್ಕೆ ಅವಳು ಕಿರುಚಿದಳು. ನಾನು ಗೋಡೆಯ ಕಡೆ ತಿರುಗಿದೆ.

"ಅಮ್ಮಾ, ಇದು ಮನಸ್ಸಿಂದಲ್ಲ" ಎಂದರು ಅವರು. "ಗಾಯ ಮಾಗಿದೆ, ಒಳಗಿನ ನರ ಮಾಗಿಲ್ಲ. ಬೆಂಕಿ ಆರಿದ ಮೇಲೂ ಅದು ಉರೀತಿದೆ ಉರೀತಿದೆ ಅಂತ ಕೂಗ್ತಾನೇ ಇರುತ್ತೆ. ಮಾತ್ರೆ ಆ ಕೂಗನ್ನ ಕಡಿಮೆ ಮಾಡುತ್ತೆ. ಪೂರ್ತಿ ನಿಲ್ಲಿಸುತ್ತೆ ಅಂತ ನಾನು ಹೇಳಲ್ಲ."

"ಎಷ್ಟು ದಿನ ತಗಬೇಕ್ರಿ?" ಎಂದು ನಾನು ಕೇಳಿದೆ.

"ಬಹಳ ದಿನ. ವರ್ಷಗಟ್ಟಲೆ ಆದರೂ ಆಗಬಹುದು. ಸಣ್ಣದರಿಂದ ಶುರು ಮಾಡಿ ಮೆಲ್ಲಗೆ ಏರಿಸೋಣ. ಒಂದು ಮಾತು, ಅಮ್ಮಾ. ವಾಸಿ ಆಯ್ತು ಅಂತಲೋ, ಬೇಜಾರಾಯ್ತು ಅಂತಲೋ ಒಮ್ಮೆಗೇ ಬಿಡಬೇಡಿ. ಬಿಡೋದಾದರೆ ನನ್ನ ಕೇಳಿ, ಇಳಿಸ್ತಾ ಇಳಿಸ್ತಾ ಬಿಡಬೇಕು."

ಹಳದಿ ಬಣ್ಣದ ಮಾತ್ರೆ. ಮೊದಮೊದಲು ತಲೆ ತಿರುಗಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಪಾದ ಊದಿಕೊಂಡವು. ಆಯಿಷಾ, "ಅಜ್ಜಿ, ನೀನು ಹೆಂಡ ಕುಡಿದೋರ ತರ ನಡೀತೀಯ" ಎಂದು ರೇಗಿಸುವಳು. ಇಮಾಮ್‌ಬೀ, "ಈ ವಯಸ್ಸಿಗೆ ಅದೊಂದು ಬಾಕಿ ಇತ್ತು" ಎನ್ನುವಳು. ಮಾತ್ರೆ ಏರಿಸುತ್ತಾ ಹೋದಂತೆ ಉರಿ ಇಳಿಯುತ್ತಾ ಬಂತು. ಪೂರ್ತಿ ಹೋಗಲಿಲ್ಲ. ಆದರೆ ಒಂದು ಬೆಳಿಗ್ಗೆ ನಾನು ಹತ್ತಿ ಬಿಡಿಸುತ್ತಾ ಕೂತಿದ್ದಾಗ ಅವಳು ನೀರು ತಂದಿಟ್ಟಳು. ಎರಡೂ ಕೈಯಲ್ಲಿ ಚೆಂಬು ಹಿಡಿದಿದ್ದಳು. ಸೆರಗು ಅದರಷ್ಟಕ್ಕೆ ಅವಳ ಮೈಮೇಲೆ ಬಿದ್ದಿತ್ತು.

ನಾನು ನೋಡುತ್ತಿರುವುದು ಅವಳಿಗೆ ತಿಳಿಯಿತು. "ಏನ್ ನೋಡ್ತೀರಿ, ಹೊಸ ಮದುಮಗಳನ್ನ ನೋಡಿದಂಗೆ" ಎಂದಳು. ಅವತ್ತೇ ದಬ್ಬಳ ಹುಡುಕಿ ತೆಗೆದಳು.

ಅದಾದ ಮೇಲೆ ಆಯಿಷಾಗೆ ಹೊನ್ನಾಳಿಯಿಂದ ಸಂಬಂಧ ಬಂತು. ಹುಡುಗನ ಹೆಸರು ದಾದಾಪೀರ್. ಲಗೇಜ್ ಆಟೋ ಓಡಿಸುತ್ತಾನೆ, ಚಟ ಇಲ್ಲ. ನೋಡಲು ಬಂದವರು ಹುಡುಗ, ಅವನ ತಾಯಿ ಹುಸೇನ್‌ಬೀ, ಮತ್ತು ಅವನ ಅಕ್ಕನ ಗಂಡ ಸೈಫುಲ್ಲಾ. ಸೈಫುಲ್ಲಾ ಹೊನ್ನಾಳಿಯಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದ. ಒಳ್ಳೆಯ ಮಾತುಗಾರ. ನಮ್ಮ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ನನ್ನ ಮಷೀನಿನ ಬಗ್ಗೆಯೆಲ್ಲ ವಿಚಾರಿಸಿದ. ಆಯಿಷಾ ಟೀ ತಂದಳು. ಹುಡುಗನ ಮುಂದೆ ಬಗ್ಗಿದಾಗ ಅರ್ಧ ಲೋಟ ತಟ್ಟೆಗೆ ಚೆಲ್ಲಿದಳು. ಎಲ್ಲರೂ ನಕ್ಕರು. ಮಾತು ಗಟ್ಟಿಯಾದ ಹಾಗೇ ಇತ್ತು.

ಮಧ್ಯಾಹ್ನದ ಮಾತ್ರೆಯ ಹೊತ್ತಾಗಿತ್ತು. ಇಮಾಮ್‌ಬೀ ಏನೂ ಯೋಚಿಸದೆ, "ಆಯಿಷಾ, ಗೂಡಿನಾಗಿಂದು ನನ್ನ ಗುಳಿಗೆ ಕೊಡವ್ವ" ಎಂದಳು. ಸೈಫುಲ್ಲಾ ಗೂಡಿನ ಪಕ್ಕವೇ ಕೂತಿದ್ದ. ತಾನೇ ಎದ್ದು ತೆಗೆದುಕೊಟ್ಟ. ಕೊಡುವ ಮುಂಚೆ ರೂಢಿಯಂತೆ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದು ಫಿಟ್ಸ್ ಗುಳಿಗೆ ಅಲ್ವಾ ಅಜ್ಜಿ? ನಮ್ಮ ಅಂಗಡಿಗೆ ಫಿಟ್ಸ್ ಇರೋ ಒಬ್ರು ಇದನ್ನೇ ಒಯ್ಯಾಕೆ ಬರ್ತಾರೆ."

ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಗೊತ್ತಿದ್ದದ್ದನ್ನು ಹೇಳಿದ. ಹುಸೇನ್‌ಬೀ ಕೈಯಲ್ಲಿದ್ದ ಮಂಡಕ್ಕಿಯನ್ನು ತಟ್ಟೆಗೆ ಬಿಟ್ಟಳು.

ನಾನು ಸರ್ಪಸುತ್ತಿನ ವಿಷಯ ಹೇಳಿದೆ. ನರದ ನೋವಿಗೂ ಇದನ್ನೇ ಕೊಡುತ್ತಾರೆ ಎಂದು ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳಿದೆ.

"ಸರ್ಪಸುತ್ತು ಯಾವಾಗ ಆಗಿದ್ದು?" ಎಂದು ಹುಸೇನ್‌ಬೀ ಕೇಳಿದಳು.

"ಹೋದ ವರ್ಷದ ಹಿಂದಿನ ವರ್ಷ."

"ಅದು ಹೋಗಿ ಅಷ್ಟು ದಿನ ಆದ್ರೆ ಗುಳಿಗೆ ಯಾಕೆ ಇನ್ನೂ? ನೀವು ದೊಡ್ಡೋರು, ಸುಳ್ಳು ಹೇಳ್ತೀರಿ ಅಂತ ಅನ್ನಲ್ಲ. ನಂಗೂ ಒಬ್ನೇ ಮಗ. ಫಿಟ್ಸ್ ಅಂದ್ರೆ ರಕ್ತದಾಗೆ ಬರ್ತೈತೆ ಅಂತಾರೆ, ಮೊಮ್ಮಕ್ಕಳಿಗೆ ಬಂದ್ರೆ?"

ತಿಳಿಸ್ತೀವಿ ಎಂದು ಹೇಳಿ ಹೋದರು. ಹುಡುಗ ಬಾಗಿಲು ದಾಟುವಾಗ ಒಮ್ಮೆ ತಿರುಗಿ ನೋಡಿದ.

ಕೆಲವು ದಿನ ಕಳೆದು ಸೈಫುಲ್ಲಾನ ಫೋನು ಬಂತು. ಅವನ ದನಿ ಸಣ್ಣಗಾಗಿತ್ತು. "ಅಜ್ಜಾರೆ, ಹುಡುಗ ಮಾಡ್ಕಂಡ್ರೆ ಇವಳನ್ನೇ ಅಂತಾನೆ. ನಮ್ಮತ್ತೆ ಒಂದು ಮಾತು ಹೇಳ್ಯಾರೆ. ಅಜ್ಜಿ ಗುಳಿಗೆ ಬಿಟ್ಟು ಇರಲಿ. ಬಕ್ರೀದ್ ಆದ ಮ್ಯಾಲೆ ಅವರೇ ಬಂದು ನಿಮ್ಮನೇಲಿ ಎರಡು ದಿನ ಇರ್ತಾರಂತೆ. ಗುಳಿಗೆ ಇಲ್ದೆ ಅಜ್ಜಿ ಚೆನ್ನಾಗಿದ್ರೆ ಅವತ್ತೇ ಸಕ್ಕರೆ."

ಸಕ್ಕರೆ ಅಂದರೆ ನಮ್ಮಲ್ಲಿ ಬಾಯಿಗೆ ಸಕ್ಕರೆ ಇಟ್ಟು ಸಂಬಂಧ ಗಟ್ಟಿ ಮಾಡುವ ಶಾಸ್ತ್ರ. ನಾನು ದಾವಣಗೆರೆಗೆ ಬನ್ನಿ, ಡಾಕ್ಟರನ್ನೇ ಕೇಳಿ ಎಂದೆ. "ಅದನ್ನೂ ಹೇಳಿದೆ ಅಜ್ಜಾರೆ. ಡಾಕ್ಟರು ನಿಮ್ಮ ಕಡೆಯೋರು ಅಂತಾರೆ ಅತ್ತೆ" ಎಂದ.

ಆಯಿಷಾ ಕೇಳಿಸಿಕೊಂಡವಳೇ, "ನಂಗೆ ಈ ಸಂಬಂಧ ಬ್ಯಾಡ" ಎಂದಳು.

"ಟೀ ಯಾಕೆ ಚೆಲ್ಲಿದೆ ಹಂಗಾದ್ರೆ?" ಎಂದಳು ಇಮಾಮ್‌ಬೀ.

"ಕೈ ಜಾರಿತು."

"ನಂಗೂ ನಿಮ್ಮಜ್ಜನ ಮುಂದೆ ಹಿಂಗೇ ಜಾರಿತ್ತು. ಸುಮ್ನಿರು."

ಮಾತ್ರೆ ಬಿಡುವುದು ಬೇಡ ಎಂದು ನಾನು ಇಮಾಮ್‌ಬೀಗೆ ಹೇಳಿದೆ. ಡಾಕ್ಟರ ಮಾತು ನೆನಪಿಸಿದೆ. ಕನಿಷ್ಠ ಅವರನ್ನು ಕೇಳಿ ಇಳಿಸುತ್ತಾ ಬಿಡು ಎಂದೆ. ಅದಕ್ಕೆ ಅಷ್ಟು ಸಮಯ ಇರಲಿಲ್ಲ. ಇಳಿಸುತ್ತಾ ಹೋದರೆ ಹುಸೇನ್‌ಬೀ ಬರುವ ಹೊತ್ತಿಗೂ ಗೂಡಿನಲ್ಲಿ ಮಾತ್ರೆ ಇರುತ್ತಿತ್ತು. ಆಯಿಷಾ ಆ ಮನೆಯ ಬಗ್ಗೆ ಒಂದು ಮಾತನ್ನೂ ಕೆಟ್ಟದಾಗಿ ಆಡಲಿಲ್ಲ, ಫೋನು ಬಂದಾಗಲೆಲ್ಲ ತಲೆ ಎತ್ತುತ್ತಿದ್ದಳು. ಇಮಾಮ್‌ಬೀ ಅದನ್ನು ನೋಡುತ್ತಿದ್ದಳು. ಒಂದು ಬೆಳಿಗ್ಗೆ ಮಾತ್ರೆ ಕೊಡಲು ಹೋದರೆ ಗೂಡು ಖಾಲಿ ಇತ್ತು.

"ಒಲೆಗೆ ಹಾಕೀನಿ" ಎಂದಳು.

ಆಮೇಲಿನ ದಿನಗಳನ್ನು ಹೇಗೆ ಬರೆಯುವುದು? ಬೆವರು, ನಡುಕ, ನಿದ್ದೆ ಇಲ್ಲ. ಉರಿ ಮೊದಲಿನದಕ್ಕಿಂತ ಜೋರಾಗಿ ತಿರುಗಿ ಬಂತು. ಸೆರಗು ಮತ್ತೆ ಕೈಗೆ ಹೋಯಿತು. ಮತ್ತೆ ಕಲ್ಲಿನ ಮೇಲೆ ಮಲಗಿದಳು. ಆದರೂ ದಬ್ಬಳ ಬಿಡಲಿಲ್ಲ. ಆಯಿಷಾಗೆಂದು ಕೌದಿ ಹೊಲಿಯಲು ಕೂತಳು. ತನ್ನ ಮದುವೆಯ ಸೀರೆ, ತೀರಿಕೊಂಡ ಮಗಳ ಲಂಗ, ನನ್ನ ಹಳೇ ಲುಂಗಿ ಎಲ್ಲ ಹರಿದು ತುಂಡು ಜೋಡಿಸಿದಳು. ಉರಿ ಎದ್ದಾಗ ಹೊಲಿಗೆ ನಿಲ್ಲಿಸಿ, ಬಾಯಲ್ಲಿ ಸೆರಗಿನ ತುದಿ ಕಚ್ಚಿಕೊಂಡು ಕೂರುವಳು. ಅದು ಇಳಿದ ಮೇಲೆ ಮತ್ತೆ ಹೊಲಿಯುವಳು.

ಕೌದಿ ಮುಗಿಯುವಾಗ ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಅದರೊಳಗೆ ಒಂದು ಚೂರು ರೊಟ್ಟಿ, ಬೆಲ್ಲ ಇಡುವುದುಂಟು. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಎನ್ನುತ್ತಾರೆ. ಅವತ್ತು ಗಾದ್ರಮ್ಮನೂ ಬಂದಿದ್ದಳು.

"ದಿನಾ ತಿನ್ನೋದನ್ನ ಇಡಬೇಕಲ್ವಾ ಗಾದ್ರಕ್ಕ?" ಎಂದು ಇಮಾಮ್‌ಬೀ ಕೇಳಿದಳು.

"ಹೌದು ಕಣವ್ವ, ರೊಟ್ಟಿ."

"ನಾನು ದಿನಾ ತಿಂದಿದ್ದು ಹಳದಿ ಗುಳಿಗೆ. ಒಂದನ್ನಾದ್ರೂ ಉಳಿಸ್ಬೇಕಿತ್ತು."

ಗಾದ್ರಮ್ಮ ನಗಲು ಹೋಗಿ ಅವಳ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ತಾನೇ ರೊಟ್ಟಿ ಮುರಿದು ಮೂಲೆಗೆ ಇಟ್ಟಳು. "ನಾನು ಮನಸ್ಸಿಗೆ ಹಚ್ಕಂಡೀಯ ಅಂದಿದ್ನಲ್ಲ, ಅದನ್ನ ಮರೆತುಬಿಡು" ಎಂದಳು.

ಬಕ್ರೀದ್ ಆದ ಮೇಲೆ ಹುಸೇನ್‌ಬೀ ಬಂದಳು. ಒಳ್ಳೆಯ ಹೆಂಗಸು. ಬರುವಾಗ ನದಿಯ ಮೀನು ತಂದಿದ್ದಳು, ತಾನೇ ಸಾರು ಮಾಡಿದಳು, ಆಯಿಷಾಳ ತಲೆಗೆ ಎಣ್ಣೆ ಹಚ್ಚಿದಳು. ಜೊತೆಜೊತೆಗೆ ಅವಳ ಕಣ್ಣು ಇಮಾಮ್‌ಬೀಯ ಮೇಲೇ ಇತ್ತು. ಇಮಾಮ್‌ಬೀ ಅವತ್ತು ಸೆರಗನ್ನು ಕೈಯಲ್ಲಿ ಹಿಡಿಯಲಿಲ್ಲ. ಎಲ್ಲ ಹೆಂಗಸರ ಹಾಗೆ ಎದೆಯ ಮೇಲೆ ಎಳೆದುಕೊಂಡು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು. ಕಲ್ಲಿನ ಮೇಲೆ ಮಲಗಲಿಲ್ಲ. ಬೀಗಿತ್ತಿಯ ಪಕ್ಕ ಗಾದಿಯ ಮೇಲೆ ಮಲಗಿದಳು. ಬೆಳಿಗ್ಗೆ ಅವಳ ಕೆಳತುಟಿ ಒಡೆದಿತ್ತು. ಹುಸೇನ್‌ಬೀ ಕೇಳಿದ್ದಕ್ಕೆ, "ಅಡಿಕೆ ಹೋಳು ಕಡಿಯಾಕೆ ಹೋಗಿ ತುಟಿನೇ ಕಡಿದೆ, ವಯಸ್ಸಾಯ್ತು ನೋಡ್ರಿ" ಎಂದು ನಕ್ಕಳು.

ಎರಡನೇ ದಿನ ಹುಡುಗನೂ ಸೈಫುಲ್ಲಾನೂ ಬಂದರು. ಸಕ್ಕರೆ ಆಯಿತು. ಹುಸೇನ್‌ಬೀಗೆ ಖುಷಿ ತಡೆಯಲಾಗಲಿಲ್ಲ. "ನಾನು ಸುಮ್ನೆ ಅನುಮಾನ ಪಟ್ಟೆ. ಕಲ್ಲಿನಂಗೆ ಅದೀರಿ ನೀವು" ಎನ್ನುತ್ತಾ ಇಮಾಮ್‌ಬೀಯನ್ನು ಎರಡೂ ತೋಳಿನಲ್ಲಿ ಬಾಚಿ ತಬ್ಬಿಕೊಂಡಳು. ಅವಳ ಬಲಗೈ ಸರಿಯಾಗಿ ಆ ಪಕ್ಕೆಯ ಮೇಲೆಯೇ ಬಿತ್ತು. ಬಿಗಿಯಾಗಿ ಒತ್ತಿ ಹಿಡಿದಳು. ಬೆನ್ನು ತಟ್ಟಿದಳು.

ಇಮಾಮ್‌ಬೀ ಅಲುಗಲಿಲ್ಲ. ಹುಸೇನ್‌ಬೀಯ ಹೆಗಲ ಮೇಲಿಂದ ಅವಳ ಮುಖ ನನಗೂ ಆಯಿಷಾಗೂ ಕಾಣುತ್ತಿತ್ತು. ಕಣ್ಣು ತೆರೆದುಕೊಂಡೇ ಇದ್ದಳು. ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಆಯಿಷಾ ಬಾಯಲ್ಲಿದ್ದ ಸಕ್ಕರೆಯನ್ನು ನುಂಗದೆ ಹಾಗೇ ನಿಂತಿದ್ದಳು.

ಮದುವೆಯೂ ಆಯಿತು. ಅಲ್ಲಿಯವರೆಗೂ ಮನೆಯಲ್ಲಿ ಹೋಗಿ ಬರುವ ಜನ ಇದ್ದರು. ಅಲ್ಲಿಯವರೆಗೂ ಅವಳು ಮಾತ್ರೆ ಮುಟ್ಟಲಿಲ್ಲ. ಗಾದಿ, ದಿಂಬು, ಕೌದಿ ಆಟೋದಲ್ಲಿ ಹೊನ್ನಾಳಿಗೆ ಹೋದ ಮೇಲೆ ನಾನು ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋದೆ. ಪ್ರವೀಣ್ ಕುಮಾರ್ ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು, "ಮತ್ತೆ ಮೊದಲಿಂದ ಶುರು ಮಾಡಬೇಕಮ್ಮಾ" ಎಂದರು.

ಮಾಡಿದೆವು. ಮೊದಲಿನಷ್ಟು ಇಳಿಯಲಿಲ್ಲ. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಒಳ್ಳೆಯ ದಿನಗಳಲ್ಲಿ ಅವಳು ಸೆರಗನ್ನು ಬಿಡುವಳು. ಎರಡೂ ಕೈಯಲ್ಲಿ ಚೆಂಬು ಹಿಡಿದು ಬಂದ ಆ ಬೆಳಿಗ್ಗೆ ಮತ್ತೆ ಬರಲಿಲ್ಲ.

ಹೊನ್ನಾಳಿಗೆ ಹೋಗುವ ದಿನ ಅವಳು ಬೆಳಗಿನ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ನಡಿಗೆ ತೂರಾಡುತ್ತದೆ, ಬೀಗಿತ್ತಿ ನೋಡಿಯಾಳು ಎಂಬ ಭಯ. "ಹೊತ್ತು ತಪ್ಪಿಸಿ ತಗಬ್ಯಾಡ ಅಂದಿಲ್ವಾ ಡಾಕ್ಟರು?" ಎಂದರೆ, "ಒಂದು ಹೊತ್ತು ತಾನೆ" ಎನ್ನುವಳು. ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕು. ಹೆಂಗಸರಿಗೆ ಟಿಕೆಟ್ ಇಲ್ಲ. "ನಾನು ಪುಕ್ಕಟೆ, ನಿಮಗೆ ಮಾತ್ರ ದಂಡ" ಎಂದು ನಗಿಸುವಳು. ರಸ್ತೆಯ ಕುಣಿಗೆ ಬಸ್ಸು ಎಗರಿದಾಗಲೆಲ್ಲ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯುವಳು. ಹೊಳೆಯ ಸೇತುವೆ ಬಂದ ಕೂಡಲೇ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸುವಳು. ಬೀಗರ ಮನೆಯಲ್ಲಿ ಊಟ ಮಾಡಿ, ಮೊಮ್ಮಗಳ ಮುಖ ನೋಡಿ, ಕೆಲಸ ಇದೆ ಎಂದು ನೆಪ ಹೇಳಿ ವಾಪಸು.

ಮೊನ್ನೆ ಹೋದಾಗ ಹುಸೇನ್‌ಬೀ ಪಡಸಾಲೆಯಲ್ಲಿ ಕೂತಿದ್ದಳು. ಚಳಿ ಇತ್ತು. ನಮ್ಮ ಕೌದಿಯನ್ನೇ ಹೊದ್ದಿದ್ದಳು. ಮೈಯೆಲ್ಲ ಮುಚ್ಚಿದ್ದರೂ ಎರಡು ಪಾದಗಳನ್ನು ಹೊರಗೆ ಚಾಚಿ ಬರೀ ಕಲ್ಲಿನ ಮೇಲೆ ಇಟ್ಟಿದ್ದಳು. ಮಾತಾಡುತ್ತಾ ಪಾದವನ್ನು ಆ ಕಲ್ಲಿನಿಂದ ಈ ಕಲ್ಲಿಗೆ ಸರಿಸುತ್ತಿದ್ದಳು, ತಣ್ಣಗಿನ ಜಾಗ ಹುಡುಕುವವರಂತೆ. ಆಯಿಷಾ ಕೌದಿಯ ಅಂಚನ್ನು ಪಾದದ ಮೇಲೆ ಎಳೆಯಲು ಹೋದಾಗ, "ಬ್ಯಾಡ ಬ್ಯಾಡ, ಮುಟ್ಟಿಸಬ್ಯಾಡ" ಎಂದು ಸರ್ರನೆ ಎಳೆದುಕೊಂಡಳು.

ಇಮಾಮ್‌ಬೀ ಆ ಪಾದಗಳನ್ನೇ ನೋಡುತ್ತಾ ಕೂತಳು. ಊಟದ ಹೊತ್ತಿಗೆ ಅವಳ ಮುಖ ಬಿಳಿಚಿಕೊಂಡಿತ್ತು. ಬೆಳಗಿನ ಮಾತ್ರೆ ಇಲ್ಲದ ಉರಿ ಏರುತ್ತಿತ್ತು. ಆಯಿಷಾ ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಳು. ದಾರಿಯುದ್ದಕ್ಕೂ ಅಜ್ಜಿಯ ಬಲಗಡೆಗೇ ನಡೆದಳು.

ಬೆಂಚಿನ ಮೇಲೆ ಕೂತ ಕೂಡಲೇ, "ಅಜ್ಜಿ, ಇನ್ನು ಮ್ಯಾಲೆ ನೀನು ಬರಬ್ಯಾಡ" ಎಂದಳು ಆಯಿಷಾ.

"ಯಾಕವ್ವ?"

"ನೀನು ಬಂದು ಹೋದ ದಿನ ನಂಗೆ ಅನ್ನ ಇಳಿಯಲ್ಲ. ಅವತ್ತು ಅತ್ತೆ ತಬ್ಬಿಕೊಂಡಾಗ ನಿನ್ನ ಮುಖ ನೋಡಿದ್ನಲ್ಲ, ಅದೇ ಕಣ್ಣಿಗೆ ಕಟ್ತೈತೆ. ಇವರು ಕಳಿಸಿದಾಗ ನಾನೇ ಬರ್ತೀನಿ. ನೀನು ಗುಳಿಗೆ ತಗಂಡು ಮನ್ಯಾಗೆ ಇರು."

ನಾನು ನೀರಿನ ಬಾಟಲಿ ತೆಗೆದು ಮಾತ್ರೆಯನ್ನು ಇಮಾಮ್‌ಬೀಯ ಕೈಗೆ ಕೊಟ್ಟೆ. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, "ನಿಮ್ಮತ್ತೆ ಕಾಲು ಯಾವಾಗಿಂದ ಉರಿಯಾಕೆ ಶುರುವಾಗೈತೆ?" ಎಂದು ಕೇಳಿದಳು.

ಆಯಿಷಾ ತಲೆ ತಗ್ಗಿಸಿದಳು. "ಸಕ್ಕರೆ ಕಾಯಿಲೆ ಜಾಸ್ತಿ ಆಗೈತೆ. ಅದಕ್ಕೆ ನರ ಕೆಟ್ಟೈತೆ ಅಂದ್ರಂತೆ." ಸ್ವಲ್ಪ ತಡೆದು, ಅಜ್ಜಿಯ ಅಂಗೈ ನೋಡುತ್ತಾ ಹೇಳಿದಳು. "ಇದನ್ನೇ ಬರೆದುಕೊಟ್ಟಾರೆ. ಸೈಫುಲ್ಲಾ ಭಾವನೇ ತಂದುಕೊಡೋದು. ಅಕ್ಕಿ ಡಬ್ಬಿ ಹಿಂದೆ ಇಟ್ಟಾರೆ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕೈಲಿ ಆಣೆ ಮಾಡಿಸ್ಯಾರೆ. ಒಂದೊಂದಿನ ತಗಳಾದೇ ಇಲ್ಲ, ಯಾರಾದ್ರೂ ನೋಡಿಬಿಟ್ಟಾರು ಅಂತ."

ನನಗೆ ಸಿಟ್ಟು ಬಂತು. ಎದ್ದು ಆ ಮನೆಗೆ ವಾಪಸು ಹೋಗಿ ಅಕ್ಕಿ ಡಬ್ಬಿ ಎಳೆದು ತೋರಿಸಬೇಕೆನಿಸಿತು. ಆಯಿಷಾ ನನ್ನ ಮೊಣಕೈ ಹಿಡಿದಳು. ಅವಳು ಅಲ್ಲಿ ಬಾಳಬೇಕಿತ್ತು. ನಾನು ಕೂತೆ.

ದಾವಣಗೆರೆ ಬಸ್ಸು ಬಂತು. ಇಮಾಮ್‌ಬೀ ಮಾತ್ರೆ ನುಂಗಿ ನೀರು ಕುಡಿದಳು. ಸೊಂಟದಿಂದ ಸೆರಗು ಬಿಚ್ಚಿ, ಎರಡು ಬೆರಳಲ್ಲಿ ಅಂಚು ಹಿಡಿದು, ಮೈಯಿಂದ ದೂರ ಎತ್ತಿಕೊಂಡಳು. ಹೊನ್ನಾಳಿಯಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹಿಂದಕ್ಕೆ ತಿರುಗಿದಳು.

"ಆಯಿಷಾ, ನಿಮ್ಮತ್ತೆಗೆ ಹೇಳವ್ವ. ಹೊತ್ತಿಗೆ ಸರಿಯಾಗಿ ತಗಳ್ಳಲಿ. ಸಾಕಾಯ್ತು ಅಂತ ಒಮ್ಮೆಗೇ ಬಿಡಬಾರದು. ಬಿಟ್ರೆ ಬಾಳಾ ಕಷ್ಟ ಆಗ್ತೈತೆ."

"ಯಾರು ಹೇಳಿದ್ರು ಅಂತ ಕೇಳಿದ್ರೆ?"

"ಡಾಕ್ಟರು ಅನ್ನು" ಎಂದಳು ಇಮಾಮ್‌ಬೀ. "ನನ್ನ ಹೆಸರು ಎತ್ತಬ್ಯಾಡ."